ಎರಡನೇ ಪುಟಕ್ಕೆ ಬರುವ ನಿದ್ದೆ

ಅಪ್ಪಾ,

ಎರಡೂವರೆ ಆಗಿಹೋಯಿತು, ಅವ್ವನ ಫೋನ್ ಇನ್ನೂ ಬಂದಿಲ್ಲ. ದಿನಾ ಈ ಹೊತ್ತಿಗೆ ತಪ್ಪದೆ ಬರುತ್ತದೆ. "ಮಲಗೀಯೇನ?" ಅನ್ನುತ್ತಾಳೆ. "ಇಲ್ಲಬೇ" ಅನ್ನುತ್ತೇನೆ. "ಹಾಂ, ಮಲಗಬ್ಯಾಡ" ಎಂದು ಇಟ್ಟುಬಿಡುತ್ತಾಳೆ. ನಮ್ಮ ಮಾತು ಅಷ್ಟೇ. ಇವತ್ತು ಅಷ್ಟೂ ಇಲ್ಲ. ಫೋನನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಂಡು ಕೂತಿದ್ದೇನೆ. ನಾನೇ ಮಾಡಬಹುದು. ಮಾಡಬಾರದು ಎಂದುಕೊಂಡಿದ್ದೇನೆ. ಕೈ ಸುಮ್ಮನೆ ಇರಲಾರದು, ಅದಕ್ಕೇ ನಿನಗೆ ಬರೆಯಲು ಶುರು ಮಾಡಿದೆ. ಯಾಕೆ ಮಾಡಬಾರದು ಎಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು. ನಿನಗೆ ಗೊತ್ತಿಲ್ಲದ್ದು ಬಹಳ ಇದೆ.

ನೀನು ಕೊನೆಯ ಸಲ ಗಡಹಿಂಗ್ಲಜದ ಹಾಸ್ಟೆಲ್ಲಿಗೆ ಬಂದಾಗ ನನಗೆ ಹನ್ನೆರಡನೇ ಪರೀಕ್ಷೆ ಹತ್ತಿರ ಬಂದಿತ್ತು. ಗೇಟಿನ ಹತ್ತಿರ ನಿಂತು, "ರೇಣವ್ವಾ, ಮುಂದ ಏನ್ ಕಲೀಬೇಕಂತ ಮಾಡೀದಿ?" ಎಂದು ಕೇಳಿದ್ದೆ. "ನೋಡೂನು" ಅಂದಿದ್ದೆ. ನೋಡಿದೆ ಅಪ್ಪಾ. ಪಾಸಾದೆ. ಈಗ ಕೊಲ್ಹಾಪುರದಲ್ಲಿ ಇಂಜಿನಿಯರಿಂಗ್ ಮೊದಲನೇ ವರ್ಷ, ಮೆಕ್ಯಾನಿಕಲ್. ಮತ್ತೆ ಹಾಸ್ಟೆಲ್ಲೇ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಅದೇನೂ ಕಷ್ಟವಲ್ಲ. ಕಷ್ಟ ಕ್ಲಾಸಿನಲ್ಲಿ. ನನ್ನ ಇಂಗ್ಲಿಷ್ ಅರ್ಧ, ಮರಾಠಿ ಅರ್ಧ, ಕನ್ನಡ ನೀನು ಕಲಿಸಿದಷ್ಟು. ಇಲ್ಲಿ ಎಲ್ಲರಿಗೂ ಎಲ್ಲವೂ ಪೂರ್ತಿ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ. ಸರ್ ಒಂದು ಪ್ರಶ್ನೆ ಕೇಳಿ ಬೆಂಚುಗಳ ಮೇಲೆ ಕಣ್ಣಾಡಿಸಿದರೆ ಸಾಕು, ಟೆನ್ಶನ್ ಶುರು. ಬೇರೆಯವರಿಗೆ ಟೆನ್ಶನ್ ಆದರೆ ನಿದ್ದೆ ಹೋಗುತ್ತದಂತೆ. ನನಗೆ ಟೆನ್ಶನ್ ಆದರೆ ನಿದ್ದೆ ಬರುತ್ತದೆ. ಇದು ಯಾರ ಕಡೆಯಿಂದ ಬಂದದ್ದು ಎಂದು ನಿನಗೆ ಬೇರೆ ಹೇಳಬೇಕೇ?

ಇಲ್ಲಿಗೆ ಬಂದ ಮೊದಲ ವಾರವೇ ನಾನು ಎರಡು ನಿಯಮ ಮಾಡಿಕೊಂಡೆ. ಮಧ್ಯಾಹ್ನ ಮಲಗಬಾರದು. ಕಾಲೇಜಿನ ಪುಸ್ತಕ ಬಿಟ್ಟು ಬೇರೆ ಪುಸ್ತಕ ಕೊಳ್ಳಬಾರದು. ನೋಡಿದರೆ ಇಷ್ಟಿಷ್ಟು ಸಣ್ಣ ಆಸೆಗಳು. ದೊಡ್ಡ ಆಸೆಗಳನ್ನು ತಡೆಯುವುದು ಸುಲಭ, ಅವು ದಿನಾ ಬರುವುದಿಲ್ಲ. ಇವು ಊಟವಾದ ಕೂಡಲೇ ಬರುತ್ತವೆ. ನನ್ನ ಮೇಲೆ ನನಗೇ ನಂಬಿಕೆಯಿಲ್ಲದೆ ರೂಮಿನ ಗೆಳತಿ ಪ್ರಾಜಕ್ತಾಗೆ ಕಾವಲಿನ ಕೆಲಸ ಕೊಟ್ಟೆ. ಅವಳು ಚಂದಗಡದವಳು. ಅವರ ಊರಲ್ಲಿ ಮಳೆ ಹಿಡಿದರೆ ಮಲಗುವುದು ಬಿಟ್ಟು ಬೇರೆ ಕೆಲಸವೇ ಇರುವುದಿಲ್ಲವಂತೆ, ಆದರೂ ನನ್ನನ್ನು ಎಬ್ಬಿಸುವ ಕೆಲಸವನ್ನು ಬಹಳ ಖುಷಿಯಿಂದ ಮಾಡುತ್ತಾಳೆ. ನನ್ನ ರೆಪ್ಪೆ ಇಳಿಯುವುದೇ ತಡ, ಬಾಟಲಿಯಿಂದ ನೀರು ಚಿಮುಕಿಸಿ "ಉಠ ಗ! ಉಠ, ರಾಣೀಸಾಹೇಬ!" ಎಂದು ಕೂಗುತ್ತಾಳೆ. ನನ್ನ ದಿಂಬು ಈ ಟರ್ಮಿನಲ್ಲಿ ಒಂದು ದಿನವೂ ಪೂರ್ತಿ ಒಣಗಿಲ್ಲ.

ಇಚಲಕರಂಜಿಯ ನಮ್ಮ ಗಲ್ಲಿಯಲ್ಲಿ ಕರೆಂಟ್ ಹೋದಾಗ ಏನಾಗುತ್ತಿತ್ತು, ನೆನಪಿದೆಯಾ? ಎಲ್ಲ ಮಗ್ಗಗಳೂ ಒಮ್ಮೆಲೇ ನಿಲ್ಲುತ್ತಿದ್ದವು. ಮರುಗಳಿಗೆಯಲ್ಲಿ ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಕೂಸುಗಳು ಎದ್ದು ಅಳುತ್ತಿದ್ದವು. ಬೇರೆ ಊರಿನ ಕೂಸು ಸದ್ದಾದರೆ ಏಳುತ್ತದೆ, ನಮ್ಮ ಗಲ್ಲಿಯ ಕೂಸು ಸದ್ದು ನಿಂತರೆ ಏಳುತ್ತದೆ. ನಾನೂ ಹಾಗೇ ಬೆಳೆದವಳು. ಅವ್ವ ಮಗ್ಗದ ಶೆಡ್ಡಿನ ಮೂಲೆಯಲ್ಲಿ ಕೂತು ಕಾಂಡಿಗಳಿಗೆ ನೂಲು ಸುತ್ತುತ್ತಿದ್ದಳು. ನಿನ್ನ ಮಗ್ಗಗಳಿಗೆ ಅಡ್ಡನೂಲು ಹೋಗುತ್ತಿದ್ದದ್ದೇ ಅವಳು ಸುತ್ತಿಟ್ಟ ಆ ಪುಟ್ಟ ಉರುಳೆಗಳಿಂದ. ನನ್ನನ್ನು ಅವಳ ಹಳೇ ಸೀರೆಯ ಜೋಲಿಯಲ್ಲಿ ಅಲ್ಲೇ ಕಟ್ಟಿ ಮಲಗಿಸಿರುತ್ತಿದ್ದರು. ನನಗೆ ಜೋಗುಳ ಹಾಡಿದ್ದು ಯಾರು ಎಂದು ಕೇಳಿದರೆ ಮಗ್ಗ ಎನ್ನಬೇಕು.

ಗಡಹಿಂಗ್ಲಜದ ಹಾಸ್ಟೆಲ್ಲಿಗೆ ನನ್ನನ್ನು ಬಿಟ್ಟುಹೋದ ಮೇಲೆ ನೀನು ಮೊದಲ ಸಲ ನೋಡಲು ಬಂದ ದಿನ ನಾನು ಅತ್ತಿದ್ದು ಮನೆ ನೆನಪಾಗಿ ಅಂತ ನೀನು ತಿಳಿದುಕೊಂಡೆ. ಅದಲ್ಲ. ಅಲ್ಲಿ ಸದ್ದೇ ಇರಲಿಲ್ಲ. ಸದ್ದಿಲ್ಲದ ಜಾಗದಲ್ಲಿ ಹೇಗೆ ಮಲಗುತ್ತಾರೋ ನನಗೆ ಗೊತ್ತಿರಲಿಲ್ಲ. ಹೇಳಿದಾಗ ನೀನು ನಗಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಇಲ್ಲೇ ಇರ, ಬಂದ್ನಿ" ಎಂದು ಹೊರಗೆ ಹೋಗಿ, ಬಸ್ ಸ್ಟ್ಯಾಂಡಿನ ಹತ್ತಿರದ ಹಳೇ ಪುಸ್ತಕದ ಗಾಡಿಯಿಂದ ಒಂದು ಪತ್ತೇದಾರಿ ಕಾದಂಬರಿ ತಂದೆ. ಕನ್ನಡದ್ದು. ಮುಖಪುಟವೂ ಇರಲಿಲ್ಲ. "ಇದ ನಿದ್ದಿ ಗುಳಗಿ. ಎರಡನೇ ಪುಟಕ್ಕ ನಿದ್ದಿ ಬರ್ತೈತಿ. ನನಗ ಗ್ಯಾರಂಟಿ ಬರ್ತೈತಿ" ಎಂದೆ. "ನಂಗ ಕನ್ನಡ ಓದಾಕ ಬರಂಗಿಲ್ಲಲ್ಲ" ಎಂದರೆ, "ಹಂಗಾರ ಇನ್ನೂ ಲಗೂನ ಬರ್ತೈತಿ, ತಗೊ" ಎಂದೆ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಅಕ್ಷರ ತೋರಿಸಿದೆ. ಇಂಗ್ಲಿಷ್ ಮೀಡಿಯಂ ಹುಡುಗಿಗೆ ಕನ್ನಡ ಬಂದದ್ದು ಹೀಗೆ, ಮಲಗುವ ಔಷಧಿ ಎಂದು. ಪ್ರತಿ ಭೇಟಿಗೂ ನೀನು ಎರಡು ಪುಸ್ತಕ ಕೊಳ್ಳುತ್ತಿದ್ದೆ, ಒಂದು ನನಗೆ, ಒಂದು ನಿನಗೆ. ನನ್ನದನ್ನು ನಾನು ಓದಿ ಮುಗಿಸುತ್ತಿದ್ದೆ. ನಿನ್ನದು?

ರಜೆಗೆ ಮನೆಗೆ ಬಂದಾಗೆಲ್ಲ ನೋಡಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಉಂಡು, ಚಾಪೆಯ ಮೇಲೆ ಅಂಗಾತ ಬಿದ್ದು ಪುಸ್ತಕ ತೆರೆಯುತ್ತಿದ್ದೆ. ತುಟಿ ಅಲ್ಲಾಡಿಸುತ್ತ ಒಂದು ಪುಟ. ಪುಟ ತಿರುವಿದ ಸದ್ದು. ಆಮೇಲೆ ಪುಸ್ತಕ ನಿಧಾನವಾಗಿ ಮುಖದ ಮೇಲೆ ಇಳಿಯುತ್ತಿತ್ತು, ನಿನ್ನ ಉಸಿರಿಗೆ ಸ್ವಲ್ಪ ಏರುತ್ತ, ಸ್ವಲ್ಪ ಇಳಿಯುತ್ತ. ನಿನ್ನ ಪುಸ್ತಕಗಳೆಲ್ಲ ಕೊಬ್ಬರಿ ಎಣ್ಣೆ ವಾಸನೆ. ಅವ್ವ, "ನಿಮ್ಮಪ್ಪ ಪುಸ್ತಕಾ ತರೋದು ಓದಾಕಲ್ಲ, ಹೊಚ್ಚಿಕೊಳ್ಳಾಕ" ಎನ್ನುತ್ತಿದ್ದಳು. ನೀನು ಎದ್ದ ಮೇಲೆ ಅದಕ್ಕೆ ಉತ್ತರ ಕೊಡುತ್ತಿದ್ದೆ: "ಓದಿ ಮುಗಿಸಿದ್ರ ಮುಗದ ಹೋತು. ನನ್ನವು ಎಲ್ಲಾವೂ ಇನ್ನೂ ಅದಾವ ನೋಡು." ಅಷ್ಟೂ ಪತ್ತೇದಾರಿ ಪುಸ್ತಕಗಳಲ್ಲಿ ಯಾರು ಸತ್ತರು ಎಂಬುದು ನಿನಗೆ ಗೊತ್ತಿತ್ತು, ಯಾರು ಕೊಂದರು ಎಂಬುದು ಒಂದರಲ್ಲೂ ಗೊತ್ತಾಗಲಿಲ್ಲ.

ನೀನು ಮಲಗಿದ ಮೇಲೆ ಮನೆಯಲ್ಲಿ ಬೇರೆಯೇ ಕಾಯಿದೆ. ನಾವು ಪಿಸುಗುಟ್ಟಬೇಕು. ಪಾತ್ರೆಯ ಮೇಲೆ ಮುಚ್ಚಳ ಇಡುವಾಗ ಬೆರಳು ಅಡ್ಡ ಇಡಬೇಕು. ಕುಕ್ಕರ್ ಏರಿಸಬಾರದು. ಬಾಗಿಲಿಗೆ ಯಾರು ಬಂದರೂ ಅವ್ವ ತುಟಿಗೆ ಬೆರಳಿಟ್ಟು, "ಪಾಳಿ ಮುಗಿಸಿ ಮಲಗ್ಯಾರ" ಎಂದು ಕಳಿಸಿಬಿಡುತ್ತಿದ್ದಳು. ಗಲ್ಲಿಯಲ್ಲಿ ಎಲ್ಲ ಮನೆಗಳಲ್ಲೂ ಇದೇ. ರಾತ್ರಿ ಪಾಳಿಯವರನ್ನು ಯಾರೂ ಎಬ್ಬಿಸುವುದಿಲ್ಲ, ಊರಿಂದ ಬೀಗರು ಬಂದರೂ ಹೊರಗೆ ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ಒಮ್ಮೆ ನಾನು, "ಅವ್ವಾ, ಹೊರಗ ಇಷ್ಟ ಮಗ್ಗ ಬಡಕೊಳ್ಳಾಕತ್ತಾವ, ನಾವು ಪಿಸಿಪಿಸಿ ಅಂದ್ರ ಏನ್ ಉಪಯೋಗ?" ಎಂದು ಕೇಳಿದ್ದಕ್ಕೆ ಅವಳು, "ಮಗ್ಗದ ಸದ್ದ ಕಿವಿ ಒಳಗ ಹೋಗಂಗಿಲ್ಲ ಹುಡುಗಿ. ಮನಿ ಸದ್ದ ಹೋಗ್ತೈತಿ" ಎಂದಿದ್ದಳು.

ಆ ದಿನ ನಾನು ಗಡಹಿಂಗ್ಲಜದಲ್ಲಿದ್ದೆ. ಅವ್ವ ಹೇಳಿದ್ದಷ್ಟೇ ನನಗೆ ಗೊತ್ತು. ಅವಳು ಕಾಂಡಿ ಸುತ್ತುವುದನ್ನು ಬಿಟ್ಟು ಊಟಕ್ಕೆಂದು ಮನೆಗೆ ಬಂದಳು, ಎರಡೂವರೆ ಸುಮಾರಿಗೆ. ನೀನು ಮಲಗಿದ್ದೆ. ಮುಖದ ಮೇಲೆ ಪುಸ್ತಕವಿತ್ತು. ಬಾಗಿಲಲ್ಲಿ ನಿಂತು ನೋಡಿದಳು. ಯಾಕೋ ಎಬ್ಬಿಸೋಣ ಎನ್ನಿಸಿತಂತೆ. ಮಲಗಲಿ, ರಾತ್ರಿಯೆಲ್ಲ ನಿಂತ ಕಾಲು, ಎಂದುಕೊಂಡು ಸದ್ದಿಲ್ಲದೆ ಉಂಡು, ಸದ್ದಿಲ್ಲದೆ ತಟ್ಟೆ ತೊಳೆದು, ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿ ಹೋದಳು. ಸಂಜೆ ಚಹಾ ಹಿಡಿದುಕೊಂಡು ಬಂದು ಪುಸ್ತಕ ತೆಗೆದಾಗ... ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ಡಾಕ್ಟರ್ ಹೇಳಿದರು. ಎಷ್ಟು ಹೊತ್ತಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಎರಡೂವರೆಗೆ ಎಬ್ಬಿಸಿದ್ದರೆ ಏಳುತ್ತಿದ್ದೆಯಾ ಎಂದು ಅವ್ವ ಅವರನ್ನು ಕೇಳಲೇ ಇಲ್ಲ. ನನ್ನನ್ನೂ ಕೇಳಿಲ್ಲ. ತನ್ನನ್ನು ಮಾತ್ರ ದಿನಾ ಕೇಳಿಕೊಳ್ಳುತ್ತಾಳೆ.

ನೀನು ಹೋದ ಮೇಲೆ ಮನೆಗೆ ಬಂದಾಗೆಲ್ಲ ನಾನು ಮಧ್ಯಾಹ್ನ ಮಲಗಿದ್ದೇ ಇಲ್ಲ. ಮಲಗಿದರೆ ಅವ್ವ ಬಿಡುವುದಿಲ್ಲ. ಕಣ್ಣು ಹತ್ತಿದ ಕೂಡಲೇ ಭುಜ ಹಿಡಿದು ಅಲುಗಿಸುತ್ತಾಳೆ. "ರೇಣು! ಏ ರೇಣು!" ಎದ್ದು ಕೂತರೆ, "ಏನಿಲ್ಲ, ನೀರ ಬೇಕೇನ ಅಂತ ಕೇಳಿದ್ನಿ" ಎನ್ನುತ್ತಾಳೆ. ಅವಳಂತೂ ಹಗಲು ಒಮ್ಮೆಯೂ ಮಲಗುವುದಿಲ್ಲ. ರಾತ್ರಿಯೂ ಗೋಡೆಗೆ ಒರಗಿ ಕೂತಿರುವುದೇ ಹೆಚ್ಚು. ಕಣ್ಣ ಕೆಳಗೆ ಕಪ್ಪಾಗಿದೆ, ಕಾಂಡಿ ಸುತ್ತುವಾಗ ನೂಲು ಮತ್ತೆ ಮತ್ತೆ ಹರಿಯುತ್ತದೆ. ನಾನು ಕೊಲ್ಹಾಪುರಕ್ಕೆ ಬಂದ ಮೇಲೆ ಅಲುಗಿಸಲು ಭುಜ ಸಿಗದೆ ಫೋನ್ ಶುರುವಾಯಿತು. ಎರಡೂವರೆಗೆ. ನಾನು ಮಲಗಬಾರದು ಎಂಬ ನಿಯಮ ಮಾಡಿಕೊಂಡದ್ದು ಓದಿಗಾಗಿ ಎಂದು ಪ್ರಾಜಕ್ತಾಗೆ ಹೇಳಿದ್ದೇನೆ. ನಿನಗೆ ಸುಳ್ಳು ಯಾಕೆ ಹೇಳಲಿ.

ಪುಸ್ತಕದ ನಿಯಮವೂ ಹಾಗೇ. ನಿನ್ನ ಪುಸ್ತಕಗಳನ್ನು ಅವ್ವ ಟ್ರಂಕಿಗೆ ಹಾಕಿ ಬೀಗ ಹಾಕಿಬಿಟ್ಟಿದ್ದಳು. ಮನೆಯಲ್ಲಿ ಕತೆ ಪುಸ್ತಕ ಕಂಡರೆ ಅವಳ ಮುಖ ಒಂಥರಾ ಆಗುತ್ತಿತ್ತು. ಆದರೆ ಇಲ್ಲಿ ಕಾಲೇಜಿನಿಂದ ಬರುವ ದಾರಿಯಲ್ಲಿ ಒಬ್ಬ ಚಾಚಾ ತಾಡಪತ್ರಿ ಹಾಸಿ ಹಳೇ ಪುಸ್ತಕ ಮಾರುತ್ತಾನೆ. ಮೊದಲ ದಿನ ನೋಡದೆ ದಾಟಿದೆ. ಎರಡನೇ ದಿನ ನೋಡಿ ದಾಟಿದೆ. ಆಮೇಲೆ ಒಂದು ದಿನ ಮರಾಠಿ ಪುಸ್ತಕಗಳ ಅಡಿಯಲ್ಲಿ ಒಂದು ಕನ್ನಡ ಅಕ್ಷರ ಇಣುಕಿತು ಅಪ್ಪಾ. ಪರ ಊರಲ್ಲಿ ನಮ್ಮವರು ಯಾರೋ ಕರೆದ ಹಾಗೆ ಆಯಿತು. ನಾನು ಬಗ್ಗಿದ್ದನ್ನು ಚಾಚಾ ನೋಡಿದ. "ಘೇ ಗ ಪೋರೀ, ಕಾನಡೀ ಹಾಯ. ತುಝ್ಯಾಶಿವಾಯ ಕೋಣ ಘೇಣಾರ?" ಎಂದ. ನಾನಲ್ಲದೆ ಅದನ್ನು ಬೇರೆ ಯಾರು ಕೊಳ್ಳುತ್ತಾರೆ, ಅನ್ನುವುದು ಅವನ ವಾದ. ಖರೆ ಅನ್ನಿಸಿತು. ಆಮೇಲೆ ಅವನು ಎಲ್ಲಿಂದಲೋ ಕನ್ನಡ ಪುಸ್ತಕ ಹುಡುಕಿ ನನಗೆಂದೇ ತೆಗೆದಿಡಲು ಶುರು ಮಾಡಿದ. ನಾನು ಬೇರೆ ದಾರಿಯಿಂದ ಬರಲು ಶುರು ಮಾಡಿದೆ. ಬೇರೆ ದಾರಿಯಲ್ಲಿ ಬಂದ ದಿನ ಅವನು ಕಾಯುತ್ತಿರಬಹುದಲ್ಲ ಎಂದು ಸಂಕಟವಾಗುತ್ತಿತ್ತು. ಹೀಗೆ ಸಂಕಟವಾಗಿ ಸಂಕಟವಾಗಿ ಹಾಸಿಗೆಯ ಅಡಿ ಒಂದು ಸಾಲು ಪುಸ್ತಕವಾಯಿತು. ಮಲಗಿದರೆ ಬೆನ್ನಿಗೆ ಒತ್ತುತ್ತಿದ್ದವು. ಮಲಗಬಾರದವಳಿಗೆ ಅದೇ ಒಳ್ಳೆಯದು ಎಂದಳು ಪ್ರಾಜಕ್ತಾ.

ಹೋದ ತಿಂಗಳು ವರ್ಕ್‌ಶಾಪಿನಲ್ಲಿ ಎಡವಟ್ಟಾಯಿತು. ಅವತ್ತು ನಮ್ಮ ಬ್ಯಾಚಿಗೆ ಲೇಥ್ ತೋರಿಸುವ ದಿನ. ಸಾಲು ಲೇಥ್‌ಗಳು ಒಮ್ಮೆಲೇ ಚಾಲೂ ಆದವು. ಹುಡುಗಿಯರು ಕಿವಿ ಮುಚ್ಚಿಕೊಂಡರು. ನನ್ನ ಮೈಯ ಗಂಟುಗಳೆಲ್ಲ ಸಡಿಲವಾದವು. ಗೋಡೆಯ ಹತ್ತಿರ ಒಂದು ಸ್ಟೂಲ್ ಇತ್ತು. ಆಮೇಲೆ ನನಗೆ ಗೊತ್ತಾದದ್ದು ಸದ್ದು ನಿಂತಾಗ. ಸರ್ ಮೇನ್ ಸ್ವಿಚ್ ಆರಿಸಿ, ಎಲ್ಲರನ್ನೂ ಸುಮ್ಮನಿರಿಸಿ, ನನ್ನ ಮುಂದೆ ಬಂದು ಗದರಬೇಕು ಎಂದು ಬಾಯಿ ತೆರೆದಿದ್ದರು. ಅಷ್ಟರಲ್ಲಿ ನಾನು ಎದ್ದುಬಿಟ್ಟಿದ್ದೆ.

"ಮಶೀನ್ ಚಾಲೂ ಅಸತಾನಾ ಝೋಪತೇಸ, ಬಂದ ಝಾಲ್ಯಾವರ ಉಠತೇಸ? ಸಗಳಂ ಉಲಟಂಚ ಹಾಯ ಕೀ ಗ ತುಝಂ!" ಎಂದರು ಸರ್. ಮಶೀನ್ ನಡೆಯುವಾಗ ಮಲಗಿ, ನಿಂತಾಗ ಏಳುವವಳನ್ನು ಅವರು ಅದೇ ಮೊದಲು ನೋಡಿದ್ದಂತೆ.

"ಗಾವ ಕುಠಲಂ?" ಎಂದು ಊರು ಕೇಳಿದರು. "ಇಚಲಕರಂಜೀ" ಎಂದೆ.

ಮಗ್ಗಗಳ ಊರು ಎಂದು ಇಲ್ಲಿ ಯಾರಿಗೆ ಗೊತ್ತಿಲ್ಲ, ಎಲ್ಲರೂ ಗೊಳ್ಳೆಂದು ನಕ್ಕರು. ಸರ್ ಕೂಡ ನಕ್ಕರು, ಆಮೇಲೆ ನಗು ನಿಲ್ಲಿಸಿ, ತಿರುಗುವ ಮಶೀನಿಗೆ ಹೆಗಲ ಮೇಲಿನ ಓಢಣಿ ಸಿಕ್ಕರೆ ಏನಾಗುತ್ತದೆ ಗೊತ್ತಾ ಎಂದು ಬಹಳ ಹೊತ್ತು ಬೈದರು. ಬೈದದ್ದು ಸರಿಯೇ ಇತ್ತು. ಆದರೆ ಅಷ್ಟಕ್ಕೆ ಬಿಡದೆ ಆಫೀಸಿನಿಂದ ನಂಬರ್ ತೆಗೆದುಕೊಂಡು ಮನೆಗೆ ಫೋನ್ ಮಾಡಿದರು. ನಿಮ್ಮ ಮಗಳು ಮಶೀನಿನ ಮುಂದೆ ಮಲಗುತ್ತಾಳೆ, ಡಾಕ್ಟರಿಗೆ ತೋರಿಸಿ. ಯಾರಿಗೆ ಏನು ಹೇಳುತ್ತಿದ್ದೇನೆ ಎಂದು ಅವರಿಗೆ ಹೇಗೆ ಗೊತ್ತಿರಬೇಕು?

ಮರುದಿನ ಮೊದಲ ಬಸ್ಸಿಗೇ ಅವ್ವ ಬಂದಳು. ಹಾಸ್ಟೆಲ್ ಗೇಟಿನಲ್ಲಿ ಒಂದು ಕೈಯಲ್ಲಿ ರೊಟ್ಟಿ ಗಂಟು, ಇನ್ನೊಂದರಲ್ಲಿ ಖಾಲಿ ಚೀಲ.

"ಎಲ್ಲಿ, ಮಾರಿ ತೋರ್ಸು." ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದಳು. ನಾಲಿಗೆ ಹೊರಗೆ ಹಾಕಿಸಿದಳು. ವಾಚ್‌ಮನ್ ನೋಡುತ್ತಿದ್ದ.

"ಅವ್ವಾ, ಏನ್ ಆಗಿಲ್ಲಬೇ ನನಗ."

"ಏನ್ ಆಗಿಲ್ಲಂದ್ರ ಮಶೀನ್ ಮುಂದ ಯಾರ್ ಮಲಗ್ತಾರ?"

"ಮಗ್ಗದ ಸದ್ದಿನಂಗ ಇತ್ತು. ಕಣ್ಣ ಹತ್ತಿಬಿಡ್ತು."

ಆ ಮಾತು ಅವಳಿಗೆ ತಿಳಿಯದೇ ಇರುತ್ತದೆಯೇ, ಜೋಲಿ ಕಟ್ಟಿದವಳೇ ಅವಳು. ಆದರೂ ಬಿಡಲಿಲ್ಲ. ರೂಮಿಗೆ ಬಂದಳು, ನನ್ನ ಕಾಟಿನ ಮೇಲೆ ಕೂತಳು, ಕೂತ ಕೂಡಲೇ ಎದ್ದಳು.

"ಏನ್ ಚುಚ್ಚಾಕತ್ತೈತಿ ಇದ?"

ಪ್ರಾಜಕ್ತಾ ಓಡಿಬಂದು ಹಾಸಿಗೆಯ ಮೇಲೆ ಕೂರಲು ನೋಡಿದಳು. ಅಷ್ಟರಲ್ಲಿ ಅವ್ವ ಅಂಚು ಎತ್ತಿಬಿಟ್ಟಿದ್ದಳು. ಒಂದೊಂದೇ ಪುಸ್ತಕ ತೆಗೆದು ನೋಡಿದಳು. ಹಿಂದೆ ಮುಂದೆ ತಿರುಗಿಸಿದಳು. ಒಂದನ್ನು ಮೂಗಿನ ಹತ್ತಿರ ಹಿಡಿದಳು ಅಪ್ಪಾ, ಎಣ್ಣೆ ವಾಸನೆ ಇದೆಯೋ ಎಂದು ನೋಡುವವರ ಹಾಗೆ.

"ಕಾಲೇಜಿನ್ವೇನ ಇವು?"

"ಅಲ್ಲ."

"ಅಪ್ಪಂದೂ ಇದ, ಮಗಳ್ದೂ ಇದ. ನಿದ್ದಿ ಗುಳಗಿ ಹಾಸಿಗಿ ಬುಡಕ ಇಟಗೊಂಡು, ನಿದ್ದಿ ಯಾಕ ಬಂತಂದ್ರ?"

"ಕಾಕೂ, ಮೀ ರೋಜ ಸಾಂಗತೆ ಹಿಲಾ, ನಕೋ ಘೇಊ ಮ್ಹಣೂನ" ಎಂದಳು ಪ್ರಾಜಕ್ತಾ. ದಿನಾ ಬೇಡವೆಂದು ಹೇಳುತ್ತಾಳಂತೆ. ದಿನಾ ಚಾಚಾನ ಹತ್ತಿರ ನನ್ನ ಜೊತೆ ನಿಂತು ತನಗೆ ಮರಾಠಿ ಮಾಸಪತ್ರಿಕೆ ಹುಡುಕುವವಳೂ ಅವಳೇ.

ಅವ್ವ ಪುಸ್ತಕಗಳನ್ನೆಲ್ಲ ಖಾಲಿ ಚೀಲಕ್ಕೆ ತುಂಬಿಕೊಂಡಳು. "ರದ್ದಿಗೆ ಹಾಕ್ತೇನಿ" ಎಂದಳು. ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಇಚಲಕರಂಜಿ ಬಸ್ಸಿನ ಕಿಟಕಿಯ ಪಕ್ಕ ಕೂತು, ಚೀಲ ತೊಡೆಯ ಮೇಲೆ ಇಟ್ಟುಕೊಂಡು, ಬಸ್ ಬಿಡುವ ಹೊತ್ತಿಗೆ ಹೇಳಿದಳು: "ರೇಣು, ಒಬ್ಬರನ್ನ ಎಬ್ಬಸ್ಲಿಲ್ಲ ಅನ್ನೋದ ನನಗ ಸಾಕಾಗೇತಿ. ಇನ್ನೊಬ್ಬರದು ಆಗಂಗಿಲ್ಲ ನನ್ನ ಕೈಲೆ." ನೀನು ಹೋದ ಮೇಲೆ ಅವಳು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬಸ್ ಹೋಯಿತು. ಏನಾದರೂ ಉತ್ತರ ಕೊಡಬೇಕಾಗಿತ್ತು. ಏನು ಕೊಡಬೇಕಾಗಿತ್ತು ಅಪ್ಪಾ?

ಮೊನ್ನೆ ಶನಿವಾರ ಊರಿಗೆ ಹೋದೆ. ಕೊಲ್ಹಾಪುರದ ಹೊರಗಿನ ಶಿರೋಳಿ ದಾಟುವ ಮೊದಲೇ ಬಸ್ಸಿನಲ್ಲಿ ಮಲಗಿದ್ದೆ. ಬಸ್ಸಿನ ನಿದ್ದೆ ನಿಯಮದೊಳಗೆ ಬರುವುದಿಲ್ಲ ಎಂದು ಪ್ರಾಜಕ್ತಾ ಮೊದಲೇ ತೀರ್ಪು ಕೊಟ್ಟಿದ್ದಾಳೆ. ಮನೆಗೆ ಬಂದು ನೋಡಿದರೆ ಟ್ರಂಕಿನ ಬೀಗ ತೆಗೆದಿತ್ತು. ನಿನ್ನ ಪುಸ್ತಕಗಳ ಪಕ್ಕದಲ್ಲಿ ನನ್ನವನ್ನೂ ಜೋಡಿಸಿ ಇಟ್ಟಿದ್ದಳು.

"ರದ್ದಿಗೆ ಹಾಕ್ತೇನಿ ಅಂದಿದ್ದಿ?"

"ರದ್ದಿಯಾಂವ ಕನ್ನಡ ಪುಸ್ತಕಾ ತೊಗೊಳ್ಳಂಗಿಲ್ಲ ಅಂದ."

"ಅವ್ವಾ, ರದ್ದಿಯಾಂವ ತೂಕಾ ನೋಡ್ತಾನ, ಭಾಷಾ ನೋಡ್ತಾನೇನ?"

"ಭಾಳ ಶಾಣ್ಯಾ ಆಗೀದಿ. ಉಣ್ಣು ಮೊದಲ."

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವ್ವನೇ ಟ್ರಂಕಿನಿಂದ ಒಂದು ಪುಸ್ತಕ ತೆಗೆದು ನನ್ನ ಮುಂದೆ ಇಟ್ಟಳು. ಯಾವುದೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಎಣ್ಣೆಯ ವಾಸನೆ ಇನ್ನೂ ಇತ್ತು. "ಏನ್ ಇತ್ತ ಇದರಾಗ? ಓದ" ಎಂದಳು. ನಾನು ಚಾಪೆಯ ಮೇಲೆ ಒರಗಿ ಜೋರಾಗಿ ಓದಿದೆ. ಒಬ್ಬ ಸಾಹುಕಾರ ತನ್ನ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ, ಒಳಗಿನಿಂದ ಅಗಳಿ ಹಾಕಿದೆ, ಮೇಜಿನ ಮೇಲೆ ಅರ್ಧ ಕುಡಿದ ಹಾಲು. ಅವ್ವ ಕಾಂಡಿಗಳ ಬುಟ್ಟಿ ಬದಿಗಿಟ್ಟು ಕೇಳುತ್ತಿದ್ದಳು. "ಹಾಲ್ ಕೊಟ್ಟಾಕಿ ಯಾರ?" ಎಂದಳು. "ತಡಿಯಬೇ, ಬರ್ತೈತಿ" ಎಂದು ಪುಟ ತಿರುಗಿಸಿದೆ. ಹೊರಗೆ ಮಗ್ಗಗಳು ನಡೆಯುತ್ತಿದ್ದವು. ಅಕ್ಷರಗಳು ಒಂದರೊಳಗೊಂದು ಹೋಗತೊಡಗಿದವು.

ಎಚ್ಚರವಾದಾಗ ಸಂಜೆಯ ಬಿಸಿಲು ಹೊಸ್ತಿಲ ಮೇಲಿತ್ತು. ಯಾರೂ ಅಲುಗಿಸಿರಲಿಲ್ಲ. ಪುಸ್ತಕ ನನ್ನ ಮುಖದ ಮೇಲೆ ಇರಲಿಲ್ಲ, ಅವ್ವನ ತೊಡೆಯ ಮೇಲಿತ್ತು. ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು, ಒಂದು ಅಂಗೈಯನ್ನು ನನ್ನ ಬೆನ್ನ ಮೇಲೆ ಇಟ್ಟು. ಆ ಕೈ ಎಷ್ಟು ಹೊತ್ತಿನಿಂದ ಅಲ್ಲಿತ್ತೋ, ಅಂಗಿ ಅಲ್ಲಿ ಬೆವರಿನಿಂದ ಒದ್ದೆಯಾಗಿತ್ತು.

"ಎಬ್ಬಸ್ಲಿಲ್ಲ ಯಾಕ?" ಎಂದೆ.

"ಎಬ್ಬಸಬೇಕಂತ ಭಾಳ ಅನಸ್ತು. ಕೈ ಹಾಕಿದ್ನಿ. ಉಸರಾಡಾಕತ್ತಿದ್ದಿ." ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, "ಉಸರಾಡಾಕತ್ತಾರಂದ್ರ ಯಾಕ ಎಬ್ಬಸಬೇಕು ಅಂತ ಸುಮ್ನ ಕುಂತ್ನಿ" ಎಂದಳು. ಆಮೇಲೆ ಎದ್ದು ಚಹಾಕ್ಕೆ ಇಟ್ಟಳು, ಪಾತ್ರೆ ಸ್ಟೋವಿನ ಮೇಲೆ ಟಣ್ ಎಂದು ಕುಕ್ಕಿ. ನಮ್ಮ ಮನೆಯಲ್ಲಿ ಮಧ್ಯಾಹ್ನದ ನಿದ್ದೆಯ ನಂತರ ಅಷ್ಟು ದೊಡ್ಡ ಸದ್ದು ಕೇಳಿ ಎಷ್ಟು ದಿನವಾಗಿತ್ತೋ.

ಇವತ್ತು ಬೆಳಗ್ಗೆ ನಾನು ವಾಪಸ್ ಬಂದೆ. ಸಬ್ಮಿಶನ್ ವಾರ, ಮಧ್ಯಾಹ್ನ ಕ್ಲಾಸಿಲ್ಲ. ಎರಡೂವರೆ ಆಯಿತು, ಫೋನ್ ಬರಲಿಲ್ಲ. ಈಗ ಮೂರೂ ದಾಟಿದೆ. ಪ್ರಾಜಕ್ತಾ ಎರಡು ಸಲ, "ಲಾವ ಕೀ ಫೋನ್!" ಎಂದಳು. ಹಚ್ಚಬಹುದು. ಆದರೆ ಅವಳು ಮಲಗಿದ್ದರೆ? ನೀನು ಹೋದ ಮೇಲೆ ಮೊದಲ ಸಲ ಮಲಗಿದ್ದರೆ, ನಾನೇ ಎಬ್ಬಿಸಿದ ಹಾಗಾಗುವುದಿಲ್ಲವೇ? ಮಲಗಿಲ್ಲದೆ ಬೇರೆ ಏನಾದರೂ ಆಗಿದ್ದರೆ... ಆ ವಾಕ್ಯವನ್ನು ನಾನು ಮುಗಿಸುವುದಿಲ್ಲ. ಆಗ ಎಬ್ಬಿಸಬೇಕಿತ್ತು ಎಂದು ಆಮೇಲೆ ನಾನೂ ವರ್ಷಗಟ್ಟಲೆ ಕೂತು ಯೋಚನೆ ಮಾಡಬೇಕಾಗುತ್ತದೆ. ನನಗೆ ಹೆದರಿಕೆಯಾಗುತ್ತಿದೆ ಅಪ್ಪಾ. ಪುಸ್ತಕ ಕೊಳ್ಳುವ ಆಸೆ, ಮಲಗುವ ಆಸೆ, ಅವೆರಡೂ ಏನೂ ಅಲ್ಲ. ಮಲಗಿದವರನ್ನು ಎಬ್ಬಿಸಿ ನೋಡಬೇಕೆಂಬ ಆಸೆಯನ್ನು ತಡೆಯುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಅವ್ವ ಅವತ್ತು ಬಾಗಿಲಲ್ಲಿ ನಿಂತಾಗ ಇದನ್ನೇ ತಡೆದಳಲ್ಲವೇ? ನಿನ್ನ ಮೇಲಿನ ಪ್ರೀತಿಯಿಂದಲ್ಲದೆ ಬೇರೆ ಯಾತರಿಂದ ತಡೆದಾಳು?

ತಡಿ. ಫೋನ್.

"ಹಲೋ... ರೇಣು..." ದನಿ ದಪ್ಪವಾಗಿತ್ತು, ಬಾಯಿ ಒಣಗಿದ ಹಾಗೆ.

"ಅವ್ವಾ!"

"ಎಷ್ಟ್ ಆತ ಟೈಮ್? ಯವ್ವಾ, ಲೈಟ್ ಹೋತು, ಮಗ್ಗ ನಿಂತ್ವು, ಆವಾಗ ಎಚ್ಚರಾತು ನೋಡು. ಆ ಹಾಲ್ ಕೊಟ್ಟಾಕಿ ಯಾರಂತ ನೋಡೂನು ಅಂತ ಪುಸ್ತಕಾ ತಗದ್ನಿ. ಒಂದ ಪುಟಾ ಓದೀನೋ, ಎರಡ ಓದೀನೋ... ಕಾಂಡಿ ಎಲ್ಲಾ ಹಂಗ ಉಳದಾವ. ನಾ ಫೋನ್ ಮಾಡ್ಲಿಲ್ಲಂದ್ರ ನೀ ಮಾಡಿ ಎಬ್ಬಸಬಾರದೇನ?"

"ಮಲಗಿದವರನ್ನ ಎಬ್ಬಸಬಾರದಂತ ನೀನ ಕಲಿಸೀದಿ."

ಆ ಕಡೆ, ಅವಳ ಹಿಂದೆ ಗಲ್ಲಿಯಲ್ಲಿ ಯಾರದೋ ಕೂಸು ಅಳುತ್ತಿತ್ತು.

"ಹೌದ. ಕಲಿಸೇನಿ" ಎಂದಳು ಅವ್ವ. "ಹಂಗ ಮಾಡಬೇಕ ಮತ್ತ." ಇಟ್ಟುಬಿಟ್ಟಳು. ಮಲಗೀಯೇನ ಎಂದು ಕೇಳುವುದನ್ನು ಮರೆತಳು.

ನಿನಗೆ ಹೇಳಬೇಕಾಗಿದ್ದ ಸುದ್ದಿ ಇಷ್ಟೇ ಅಪ್ಪಾ. ಅವ್ವ ಮಧ್ಯಾಹ್ನ ಮಲಗಿದಳು. ಎದ್ದಳು. ಚಾಚಾನ ಹತ್ತಿರ ಸದ್ಯ ಹೋಗುವುದಿಲ್ಲ, ಮನೆಯಲ್ಲಿ ನೀನು ಬಿಟ್ಟುಹೋದವು ಟ್ರಂಕಿನ ತುಂಬ ಇವೆ, ಎಲ್ಲದರಲ್ಲೂ ಕೊಂದವರು ಯಾರು ಎಂದು ಹುಡುಕಬೇಕು. ಹುಡುಕಿ ನಿನಗೆ ಹೇಳುತ್ತೇನೆ. ಅವಸರ ಮಾಡಬೇಡ, ನಾವಿಬ್ಬರೂ ಓದುವವರು, ಎರಡೆರಡು ಪುಟ.

ಈಗ ನಾನು ಸ್ವಲ್ಪ ಹೊತ್ತು ಮಲಗುತ್ತೇನೆ. ನೀರು ಚಿಮುಕಿಸಬೇಡ ಎಂದು ಪ್ರಾಜಕ್ತಾಗೆ ಹೇಳಿದ್ದೇನೆ.

ನಿನ್ನ
ರೇಣವ್ವ